ಜಿಮಖಾನಾದ ಜಮಾ-ಖರ್ಚು

ನಮ್ಮ ಭಾಗದ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ದಸರೆಯ ಆಸುಪಾಸಿನಿಂದ ಹಿಡಿದು ಪರೀಕ್ಷೆಯ ಗಡಿಬಿಡಿ ಶುರುವಾಗುವವರೆಗೆ ಒಂದೇ ಅಚ್ಚಿನ ಸುದ್ದಿ ಬರುತ್ತಿರುತ್ತದೆ. ವಿಶ್ವವಿದ್ಯಾಲಯ ಮಟ್ಟದ ಏಕವಲಯ ಅಂತರ ಮಹಾವಿದ್ಯಾಲಯ ಪಂದ್ಯಾವಳಿಯಲ್ಲಿ ಇಂಥ ಕಾಲೇಜು ಪ್ರಥಮ, ಇಂಥ ವಿದ್ಯಾರ್ಥಿ ಯೂನಿವರ್ಸಿಟಿ ಬ್ಲೂ, ಅಂದರೆ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ. ಜೊತೆಗೊಂದು ಫೋಟೊ. ನಡುವೆ ಕುರ್ಚಿಯಲ್ಲಿ ಸಂಸ್ಥೆಯ ಅಧ್ಯಕ್ಷರು, ಎಡಬಲಕ್ಕೆ ಪ್ರಾಚಾರ್ಯರು ಮತ್ತು ದೈಹಿಕ ಶಿಕ್ಷಣ ನಿರ್ದೇಶಕರು, ಹಿಂದೆ ಕೈಕಟ್ಟಿ ನಿಂತ ಹುಡುಗರು. ಆಡಳಿತ ಮಂಡಳಿ, ಬೋಧಕ ಹಾಗೂ ಬೋಧಕೇತರ ಸಿಬ್ಬಂದಿ ಹರ್ಷ ವ್ಯಕ್ತಪಡಿಸಿದ್ದಾರೆ ಎಂಬ ಸಾಲಿನೊಂದಿಗೆ ಸುದ್ದಿ ಮುಗಿಯುತ್ತದೆ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ಕಾಲೇಜು ಕ್ರೀಡೆಯನ್ನು ವಿಮರ್ಶೆಗೆ ಎತ್ತಿಕೊಳ್ಳಬೇಕೆಂದರೆ ಈ ಫೋಟೊದಿಂದಲೇ ಶುರು ಮಾಡಬೇಕು. ಗೆದ್ದ ಹುಡುಗನಿಗೆ ಪಟ್ಟು ಕಲಿಸಿದ ಉಸ್ತಾದ ಅದರಲ್ಲಿ ಇರುವುದು ಅಪರೂಪ.

ಮುಂಬೈ ಪ್ರಾಂತ್ಯದ ಬಳುವಳಿಯಾದ ಜಿಮಖಾನಾ, ಅಂದರೆ ಕಾಲೇಜಿನ ಕ್ರೀಡಾ ವಿಭಾಗ, ಈ ಕಡೆಯ ಕಾಲೇಜುಗಳಲ್ಲಿ ಇಂದಿಗೂ ಅದೇ ಹೆಸರಿನಿಂದ ನಡೆಯುತ್ತಿದೆ. ಪ್ರವೇಶದ ವೇಳೆ ಪ್ರತಿ ವಿದ್ಯಾರ್ಥಿ ಕಟ್ಟುವ ಕ್ರೀಡಾ ಶುಲ್ಕ ಅದರ ಬಂಡವಾಳ. ಮಳೆಗಾಲದಲ್ಲಿ ವಿದ್ಯಾರ್ಥಿ ಒಕ್ಕೂಟದ ಜೊತೆ ಉದ್ಘಾಟನೆ, ವರ್ಷದ ಕೊನೆಗೆ ಸ್ನೇಹ ಸಮ್ಮೇಳನದಲ್ಲಿ ಬಹುಮಾನ. ಇದು ಕಾಗದದ ಮೇಲಿನ ಜಿಮಖಾನಾ. ಅದರ ಒಳ್ಳೆಯ ಮುಖ ಕಾಣಬೇಕೆಂದರೆ ಯಾವುದಾದರೂ ಕಾಲೇಜಿನ ಪಾಲಿಗೆ ಏಕವಲಯ ಪಂದ್ಯಾವಳಿಯ ಆತಿಥ್ಯ ಬಂದಾಗ ಹೋಗಿ ನೋಡಬೇಕು. ಜಮಖಂಡಿಯ ಬಿ.ಎಲ್.ಡಿ.ಇ. ಕಾಲೇಜಾಗಲಿ, ಬನಹಟ್ಟಿಯ ತಮ್ಮಣ್ಣಪ್ಪ ಚಿಕ್ಕೋಡಿ ಕಾಲೇಜಾಗಲಿ, ಮುಧೋಳದ ಎಸ್.ಆರ್. ಕಂಠಿ ಕಾಲೇಜಾಗಲಿ, ಇವೆಲ್ಲ ಊರವರ ದೇಣಿಗೆ, ದುಡಿಮೆಯ ಮೇಲೆ ನಿಂತ ಶಿಕ್ಷಣ ಸಂಘಗಳ ಕಾಲೇಜುಗಳು. ಪಂದ್ಯಾವಳಿ ಬಂತೆಂದರೆ ಊರು ದೂರ ನಿಲ್ಲುವುದಿಲ್ಲ. ಮಗ್ಗದ ಮಾಲೀಕ ಊಟದ ಒಂದು ಹೊತ್ತು ವಹಿಸಿಕೊಳ್ಳುತ್ತಾನೆ, ಕಬ್ಬಿನ ಹಂಗಾಮಿನ ಅವಸರದಲ್ಲೂ ಯಾರೋ ಟ್ರ್ಯಾಕ್ಟರಿನಲ್ಲಿ ಮಣ್ಣು ತಂದು ಅಂಕಣಕ್ಕೆ ಹರವುತ್ತಾರೆ, ಮಠದಲ್ಲೋ ಕಲ್ಯಾಣ ಮಂಟಪದಲ್ಲೋ ಹೊರಗಿನ ತಂಡಗಳಿಗೆ ಹಾಸಿಗೆ ಸಿಗುತ್ತದೆ. ಸಂಜೆಯ ಕಬಡ್ಡಿಗೆ ಪಾಳಿ ಮುಗಿಸಿದ ನೇಕಾರರು ಬಂದು ಕೂರುತ್ತಾರೆ. ಎದುರಾಳಿ ಕಾಲೇಜಿನ ಒಳ್ಳೆಯ ರೇಡರ್‌ಗೂ ಇಲ್ಲಿ ಚಪ್ಪಾಳೆ ಬೀಳುತ್ತದೆ. ಈ ಆತಿಥ್ಯವನ್ನು ನಾನು ಈ ಕಾಲೇಜುಗಳ ಮೊದಲ ಸಾಧನೆ ಎನ್ನುತ್ತೇನೆ. ಯಾವ ಪದಕಪಟ್ಟಿಯಲ್ಲೂ ಅದಕ್ಕೆ ಅಂಕಣವಿಲ್ಲ.

ಎರಡನೆಯ ಸಾಧನೆ, ಅಂದರೆ ಗೆಲುವು-ಪದಕಗಳ ವಿಷಯದಲ್ಲಿ ಮಾತ್ರ ತಕರಾರಿದೆ. ಕುಸ್ತಿಯನ್ನೇ ನೋಡಿ. ಕೃಷ್ಣೆ, ಘಟಪ್ರಭೆಗಳ ದಂಡೆಯ ಈ ಹಳ್ಳಿಗಳಲ್ಲಿ ಗರಡಿಮನೆ ಕಾಲೇಜಿಗಿಂತ ಹಳೆಯದು. ಜಾತ್ರೆಗೆ ಜಂಗೀ ನಿಕಾಲಿ ಕುಸ್ತಿ, ಸಂಗ್ರಾಣಿ ಕಲ್ಲು ಎತ್ತುವ ಸ್ಪರ್ಧೆ, ಎತ್ತುಗಳ ತೆರಬಂಡಿ ಇಲ್ಲದಿದ್ದರೆ ಜಾತ್ರೆಯೇ ಸಪ್ಪೆ. ನಮ್ಮ ಪೈಲ್ವಾನರ ದಾರಿ ಮೊದಲಿನಿಂದಲೂ ಸಾಂಗಲಿ, ಕೊಲ್ಲಾಪುರಗಳ ಕಡೆಗೇ. 1959ರಲ್ಲಿ ಮೊದಲ ಹಿಂದ್ ಕೇಸರಿಯಾದ ಶ್ರೀಪತಿ ಖಂಚನಾಳೆ ಚಿಕ್ಕೋಡಿ ತಾಲ್ಲೂಕಿನ ಎಕ್ಸಂಬಾದವರು, ಬೆಳೆದದ್ದು ಕೊಲ್ಲಾಪುರದ ತಾಲೀಮಿನಲ್ಲಿ. ಕಾಲೇಜಿಗೆ ಬರುವ ಹೊತ್ತಿಗೆ ಒಬ್ಬ ಹುಡುಗ ಎಂಟು ಹತ್ತು ವರ್ಷ ಕೆಮ್ಮಣ್ಣಿನಲ್ಲಿ ಉರುಳಿರುತ್ತಾನೆ. ಅವನ ಹಾಲು, ಬಾದಾಮಿ, ತುಪ್ಪದ ಖುರಾಕಿಗೆ ತಂದೆ ಎಮ್ಮೆ ಕಟ್ಟಿರುತ್ತಾನೆ, ಕೆಲವೊಮ್ಮೆ ಸಾಲವನ್ನೂ ಮಾಡಿರುತ್ತಾನೆ. ಕಾಲೇಜು ಕೊಡುವುದು ಒಂದು ಪ್ರವೇಶ ಅರ್ಜಿ, ಒಂದು ಜರ್ಸಿ, ಬಸ್ ಚಾರ್ಜು. ಬೆಳೆ ಬೆಳೆದವರೊಬ್ಬರು, ರಾಶಿ ಮಾಡಿಕೊಂಡವರು ಇನ್ನೊಬ್ಬರು ಎಂಬ ಈ ವ್ಯವಹಾರಕ್ಕೆ ಕ್ರೀಡಾ ಸಾಧನೆ ಎಂಬ ಹೆಸರು ದೊಡ್ಡದಾಯಿತು.

ಕಾಲೇಜು ನಿಜವಾಗಿ ಮಾಡಬೇಕಾದ ಕೆಲಸ ಬೇರೆ ಇದೆ. ಜಾತ್ರೆಯ ಕುಸ್ತಿಯಲ್ಲಿ ಎದುರಾಳಿಯ ಬೆನ್ನು ಮಣ್ಣಿಗೆ ತಾಗಿ ಚಿತ್ ಆಗುವವರೆಗೆ ಹಿಡಿತ ಬಿಡಬೇಕಿಲ್ಲ, ತಾಳ್ಮೆಯೇ ಅಲ್ಲಿ ಅರ್ಧ ಶಕ್ತಿ. ಅಂತರ ವಿಶ್ವವಿದ್ಯಾಲಯ ಕುಸ್ತಿ ನಡೆಯುವುದು ಮ್ಯಾಟಿನ ಮೇಲೆ, ತಲಾ ಮೂರು ನಿಮಿಷದ ಎರಡು ಸುತ್ತು, ಪ್ರತಿ ಪಟ್ಟಿಗೂ ಅಂಕ. ಕಾಲಿಗೆ ಬೂಟು. ಮಣ್ಣಿನಲ್ಲಿ ಅರ್ಧ ಗಂಟೆ ಸೆಣಸಬಲ್ಲ ಹುಡುಗ ಇಲ್ಲಿ ಮೊದಲ ಸುತ್ತಿನಲ್ಲೇ ಅಂಕದ ಮೇಲೆ ಸೋತು ಇಳಿಯುತ್ತಾನೆ. ಅವನನ್ನು ಮಣ್ಣಿನಿಂದ ಮ್ಯಾಟಿಗೆ ದಾಟಿಸುವುದು ಜಿಮಖಾನಾದ ಹೊಣೆ. ಅದಕ್ಕೆ ಒಂದು ಮ್ಯಾಟು ಬೇಕು, ನಿಯಮ ಬಲ್ಲ ತರಬೇತುದಾರ ಬೇಕು, ವರ್ಷವಿಡೀ ಅಭ್ಯಾಸ ಬೇಕು. ಪಂದ್ಯಾವಳಿಯ ಹಿಂದಿನ ವಾರ ಆಯ್ಕೆ ನಡೆಸಿ ತಂಡ ಕಟ್ಟುವ ರೂಢಿಯಿಂದ ಇದು ಆಗುವ ಮಾತಲ್ಲ. ಕಬಡ್ಡಿಯ ಪಾಡೂ ಇದೇ. ಸೈಕ್ಲಿಂಗ್ ಮಾತ್ರ ಭಿನ್ನ. ಅವಿಭಜಿತ ವಿಜಯಪುರ ಜಿಲ್ಲೆ ಸೈಕ್ಲಿಸ್ಟುಗಳಿಗೆ ಹೆಸರಾದ ನೆಲ, ಅಲ್ಲಿ ಸರ್ಕಾರದ ಕ್ರೀಡಾ ನಿಲಯಗಳು ವರ್ಷಗಟ್ಟಲೆ ಹುಡುಗ ಹುಡುಗಿಯರನ್ನು ತಯಾರು ಮಾಡಿವೆ. ದುಬಾರಿ ಸೈಕಲ್ಲನ್ನು ಕಾಲೇಜು ಕೊಳ್ಳುವುದಿಲ್ಲವಾದ್ದರಿಂದ ಆ ಯಶಸ್ಸಿನಲ್ಲೂ ಕಾಲೇಜಿನ ಪಾಲು ಹೆಚ್ಚಿಲ್ಲ.

ಪಾಲು ಹೇಗಿರಬೇಕು ಎಂಬುದಕ್ಕೆ ಪಕ್ಕದ ಕೊಲ್ಲಾಪುರದಲ್ಲೇ ಒಂದು ಮಾದರಿ ಇದೆ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದು ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಪದಕ ತಂದ ಖಾಶಾಬಾ ಜಾಧವ್ ರಾಜಾರಾಮ ಕಾಲೇಜಿನ ವಿದ್ಯಾರ್ಥಿಯಾಗಿದ್ದವರು. ಅವರನ್ನು ಕಳಿಸಲು ಹಣ ಸಾಲದಾದಾಗ ಕಾಲೇಜಿನ ಪ್ರಾಂಶುಪಾಲ ಖರ್ಡೇಕರ್ ತಮ್ಮ ಮನೆಯನ್ನೇ ಒತ್ತೆ ಇಟ್ಟು 7000 ರೂಪಾಯಿ ಹೊಂದಿಸಿದರು. ಉಳಿದದ್ದನ್ನು ಜನ ಕೂಡಿಸಿದರು. ಮರಳಿ ಬಂದ ಜಾಧವ್ ಕುಸ್ತಿ ಪಂದ್ಯ ಏರ್ಪಡಿಸಿ, ಬಂದ ಹಣದಲ್ಲಿ ಗುರುವಿನ ಮನೆ ಬಿಡಿಸಿಕೊಟ್ಟರು. ಎಲ್ಲ ಪ್ರಾಚಾರ್ಯರೂ ಮನೆ ಒತ್ತೆ ಇಡಲಿ ಎಂದು ಯಾರೂ ಕೇಳುತ್ತಿಲ್ಲ. ಆದರೆ ಅಲ್ಲಿ ಕೊಡುಕೊಳ್ಳುವಿಕೆ ಎರಡೂ ಕಡೆಯಿಂದ ಇತ್ತು. ಕಾಲೇಜು ತನ್ನ ಕೈಯಿಂದ ಏನೋ ಕಳೆದುಕೊಳ್ಳಲು ಸಿದ್ಧವಿತ್ತು.

ಇನ್ನು ವಿಶ್ವವಿದ್ಯಾಲಯದ ಮಾತು. ಒಂದು ಕಾಲಕ್ಕೆ ಈ ತಾಲ್ಲೂಕುಗಳೆಲ್ಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಹುಟ್ಟಿತು, 2023ರಲ್ಲಿ ಜಮಖಂಡಿಯಲ್ಲೇ ಬಾಗಲಕೋಟೆ ವಿಶ್ವವಿದ್ಯಾಲಯ ಬಾಗಿಲು ತೆರೆಯಿತು. ಆಟದ ಕಣ್ಣಿನಿಂದ ನೋಡಿದರೆ ಇದರ ಲೆಕ್ಕ ಸರಳ. ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ ಒಂದು ವಿಶ್ವವಿದ್ಯಾಲಯದಿಂದ ಒಂದೇ ತಂಡ. ಧಾರವಾಡದ ಕಾಲದಲ್ಲಿ ಬೀಳಗಿಯ ಕಬಡ್ಡಿ ಹುಡುಗ ಕಾರವಾರದವರೊಂದಿಗೂ ಹಾವೇರಿಯವರೊಂದಿಗೂ ಪೈಪೋಟಿ ನಡೆಸಿ ಆ ಹನ್ನೆರಡರಲ್ಲಿ ಒಬ್ಬನಾಗಬೇಕಿತ್ತು. ಈಗ ಒಂದೇ ಜಿಲ್ಲೆಯೊಳಗಿನ ಪೈಪೋಟಿ. ವಿಶ್ವವಿದ್ಯಾಲಯದ ಜರ್ಸಿ ತೊಡುವವರ ಸಂಖ್ಯೆ ಹೆಚ್ಚಿತು, ರೈಲು ಹತ್ತಿ ಬೇರೆ ರಾಜ್ಯ ನೋಡುವ ಬಡ ಮನೆಯ ಹುಡುಗರೂ ಹೆಚ್ಚಿದರು. ಪೊಲೀಸ್, ಸೇನೆಯ ನೇಮಕಾತಿಗೆ ಆ ಪ್ರಮಾಣಪತ್ರದ ಬೆಲೆ ಮನೆಯವರಿಗೆ ಗೊತ್ತು. ತಂಡಗಳ ಬಲ ತೆಳುವಾಯಿತು ಎಂಬುದೂ ಅಷ್ಟೇ ನಿಜ. ದಕ್ಷಿಣ ವಲಯದ ನಾಕೌಟ್‌ನಲ್ಲಿ ದೊಡ್ಡ ವಿಶ್ವವಿದ್ಯಾಲಯ ಎದುರಾದರೆ ಮೊದಲ ದಿನವೇ ಗಂಟುಮೂಟೆ ಕಟ್ಟಬೇಕಾಗಬಹುದು. ಎರಡರಲ್ಲಿ ಯಾವುದು ಮೇಲು ಎಂದರೆ ನಾನು ಸಂಕೋಚವಿಲ್ಲದೆ ಮೊದಲನೆಯದರ ಪರ. 2025ರ ಫೆಬ್ರುವರಿಯಲ್ಲಿ ಸಂಪುಟ ಉಪಸಮಿತಿ ರಾಜ್ಯದ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವ ಶಿಫಾರಸಿಗೆ ಬಂದಾಗ ಕಟ್ಟಡ, ಹುದ್ದೆ, ಅನುದಾನದ ಚರ್ಚೆ ಬೇಕಾದಷ್ಟಾಯಿತು. ಆಟಗಾರರ ಅವಕಾಶವೂ ಆ ತಕ್ಕಡಿಯಲ್ಲಿ ತೂಗಬೇಕಾದ ವಸ್ತುವೇ.

ಪದಕಪಟ್ಟಿಯಿಂದ ಅಳೆಯುವವರು ಒಂದು ಸಂಗತಿ ನೆನಪಿಡಲಿ. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಆತಿಥೇಯ ಜೈನ್ ವಿಶ್ವವಿದ್ಯಾಲಯ 20 ಚಿನ್ನದೊಂದಿಗೆ ಅಗ್ರಸ್ಥಾನ ಪಡೆಯಿತು. ಅದರಲ್ಲಿ ದೊಡ್ಡ ಪಾಲು ಈಜುಕೊಳದಿಂದ ಬಂದದ್ದು, ಈಜಿದವರು ಆಗಲೇ ರಾಷ್ಟ್ರಮಟ್ಟದಲ್ಲಿ ಹೆಸರಾದವರು. ತಪ್ಪೇನಿಲ್ಲ, ಪ್ರತಿಭೆಗೆ ಆಸರೆ ಕೊಡುವುದೂ ಒಂದು ಕೆಲಸ. ಆದರೆ ಆ ಪಟ್ಟಿಯಲ್ಲಿ ನಮ್ಮ ಊರಿನ ಕಾಲೇಜನ್ನು ಹುಡುಕುವುದು ವ್ಯರ್ಥ. ಅದೇ ಕೂಟದಲ್ಲಿ ಮಲ್ಲಕಂಬವನ್ನು ಮೊದಲ ಸಲ ಸೇರಿಸಿದರು. ಗರಡಿಯ ವಿದ್ಯೆಗೆ ವಿಶ್ವವಿದ್ಯಾಲಯದ ಬಾಗಿಲು ತೆರೆದ ಆ ಹೊತ್ತು ನಮ್ಮ ಜಿಲ್ಲೆಯ ಜಿಮಖಾನಾಗಳಿಗೆ ದೊಡ್ಡ ಸುದ್ದಿಯಾಗಬೇಕಿತ್ತು.

ಹುಡುಗಿಯರ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಪ್ರೌಢಶಾಲೆಯಲ್ಲಿ ಖೋ-ಖೋ ಅಂಕಣದಲ್ಲಿ ಮಿಂಚಿದ ಎಷ್ಟೋ ಹುಡುಗಿಯರು ಡಿಗ್ರಿಗೆ ಬಂದ ಮೇಲೆ ಪ್ರೇಕ್ಷಕರಾಗುತ್ತಾರೆ. ಕಾರಣ ಆಟದಲ್ಲಿಲ್ಲ. ಪರವೂರಿಗೆ ಎರಡು ರಾತ್ರಿ ಕಳಿಸಬೇಕೆಂದರೆ ಜೊತೆಗೆ ಮೇಡಂ ಯಾರು ಬರುತ್ತಾರೆ ಎಂದು ಅವ್ವ ಕೇಳುತ್ತಾಳೆ. ಕಾಲೇಜಿನ ಬಳಿ ಉತ್ತರವಿಲ್ಲದಿದ್ದರೆ ತಂಡವೇ ಇಲ್ಲ. ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆಯೇ ಖಾಲಿ ಇರುವ ಸರ್ಕಾರಿ ಕಾಲೇಜುಗಳಲ್ಲಿ ಈ ಪ್ರಶ್ನೆ ಕೇಳುವ ಹಂತಕ್ಕೂ ಹೋಗುವುದಿಲ್ಲ. ಕ್ರೀಡಾ ಶುಲ್ಕವನ್ನು ಮಾತ್ರ ಹುಡುಗಿಯರೂ ಪೂರ್ತಿ ಕಟ್ಟುತ್ತಾರೆ.

ಮೈದಾನದ ಬೀಗವೂ ಚರ್ಚೆಗೆ ಬರಲಿ. ನಸುಕಿನಲ್ಲಿ ಜಮಖಂಡಿ, ಮುಧೋಳದ ಸುತ್ತಿನ ರಸ್ತೆಗಳಲ್ಲಿ ಪೊಲೀಸ್ ಭರ್ತಿಗೆ ತಯಾರಾಗುವ ಹುಡುಗರು ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಓಡುತ್ತಿರುತ್ತಾರೆ. ಇವರಲ್ಲಿ ಬಹಳ ಜನ ಇವೇ ಕಾಲೇಜುಗಳ ಹಳೆಯ ವಿದ್ಯಾರ್ಥಿಗಳು. ಡಿಗ್ರಿ ಮುಗಿದ ಮರುವರ್ಷವೇ ಮೈದಾನಕ್ಕೆ ಹೊರಗಿನವರು! ಆತಿಥ್ಯದ ದಿನ ಊರಿನ ಮಣ್ಣು, ಊಟ, ಹಾಸಿಗೆ ಪಡೆಯುವ ಸಂಸ್ಥೆ ಉಳಿದ ದಿನ ಊರಿಗೆ ಗೇಟು ಹಾಕುವುದು ನ್ಯಾಯವಲ್ಲ.

ದುಡ್ಡಿಲ್ಲ ಎಂಬ ಮಾತನ್ನು ಈ ನೆಲದಲ್ಲಿ ನಂಬುವುದು ಕಷ್ಟ. ಪುಣೆಯ ಎಸ್.ಪಿ. ಕಾಲೇಜಿನ ಪೂರ್ಣ ಹೆಸರಿನಲ್ಲಿರುವ ಸರ್ ಪರಶುರಾಮಭಾವು ಜಮಖಂಡಿಯ ಪಟವರ್ಧನ ದೊರೆ. ಅವರ ಹೆಸರಿಗೆ ಮನೆತನ ಕೊಟ್ಟ ದೇಣಿಗೆ ಎರಡು ಲಕ್ಷ ರೂಪಾಯಿ. ಅಲ್ಲಿ ಸಂಸ್ಕೃತ ಕಲಿಸುತ್ತಿದ್ದ ಪ್ರೊ. ಡಿ.ಬಿ. ದೇವಧರ್ ಐವತ್ತರ ಸಮೀಪದಲ್ಲಿ ಮಹಾರಾಷ್ಟ್ರದ ನಾಯಕರಾಗಿ 1939-40 ಮತ್ತು 1940-41ರಲ್ಲಿ ರಣಜಿ ಟ್ರೋಫಿ ಗೆದ್ದರು. ರಾಜರ ಕಾಲ ಹೋಗಲಿ. 1989ರಲ್ಲಿ ಚಿಕ್ಕಪಡಸಲಗಿಯ ಹತ್ತಿರ ರೈತರೇ ಪಟ್ಟಿ ಎತ್ತಿ, ಶ್ರಮದಾನ ಮಾಡಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಮುಂದಾಳಾಗಿದ್ದ ಸಿದ್ದು ನ್ಯಾಮಗೌಡರಿಗೆ ಬ್ಯಾರೇಜ್ ಸಿದ್ದು ಎಂದೇ ಹೆಸರಾಯಿತು. ನದಿಗೆ ಅಡ್ಡಗಟ್ಟೆ ಕಟ್ಟಿದ ಜನಕ್ಕೆ ನಾಲ್ಕು ತಾಲ್ಲೂಕಿಗೆ ನಾಲ್ಕು ಕುಸ್ತಿ ಮ್ಯಾಟು ದೊಡ್ಡ ಮಾತಲ್ಲ. ಕೇಳುವವರು ಮೊದಲು ತಮ್ಮ ಲೆಕ್ಕ ತೋರಿಸಬೇಕು, ಅಷ್ಟೇ.

ಹಾಗಾಗಿ ಆಡಳಿತ ಮಂಡಳಿಗಳಲ್ಲಿ ಇಷ್ಟು ಕೋರಿಕೆ. ಈ ವರ್ಷದ ಜಿಮಖಾನಾ ಉದ್ಘಾಟನೆಯ ದಿನ ಹೋದ ವರ್ಷದ ಕ್ರೀಡಾ ಶುಲ್ಕ ಎಷ್ಟು ಕೂಡಿತು, ಯಾವುದಕ್ಕೆ ಖರ್ಚಾಯಿತು ಎಂಬುದನ್ನು ಸೂಚನಾ ಫಲಕಕ್ಕೆ ಹಚ್ಚಿ. ಬೆಳಿಗ್ಗೆ ಎರಡು ತಾಸು ಮೈದಾನವನ್ನು ಊರಿಗೆ ಬಿಡಿ. ಹುಡುಗ ಗೆದ್ದು ಬಂದಾಗ ಅವನ ಉಸ್ತಾದರನ್ನು ಕರೆಸಿ, ನಡುವಿನ ಕುರ್ಚಿಯನ್ನು ಅವರಿಗೆ ಕೊಡಿ.