ಅಸ್ತಿತ್ವವಾದದ ವ್ಯಕ್ತಿಯೂ ಅಂಕೋಲೆಯ ಸಮೂಹವೂ

ಕನ್ನಡದ ನವ್ಯ ವಿಮರ್ಶೆಯು ಅಸ್ತಿತ್ವವಾದವನ್ನು ಬಹುಮಟ್ಟಿಗೆ ನಗರದ ಒಂಟಿ ಮನುಷ್ಯನ ತತ್ತ್ವವೆಂದೇ ಓದಿಕೊಂಡು ಬಂದಿದೆ. ಆಯ್ಕೆಯ ಹೊಣೆಯನ್ನು ತನಗೊದಗಿದ ಪಾತ್ರದ ಮೇಲೆ ಹೊರಿಸಿ ನುಣುಚಿಕೊಳ್ಳುವುದನ್ನು ಸಾರ್ತ್ರನು ಆತ್ಮವಂಚನೆ ಎಂದು ಗುರುತಿಸಿದನು. ‘ಎಲ್ಲರೂ ಹೀಗೆಯೇ’ ಎನ್ನುವ ಮುಖವಿಲ್ಲದ ಬಹುಜನದಲ್ಲಿ ವ್ಯಕ್ತಿ ಕರಗಿಹೋಗುವುದನ್ನು ಹೈಡೆಗರ್ ವಿವರಿಸಿದನು. ಆದರೆ ಸಮೂಹವೆಲ್ಲವೂ ಇಂಥ ಜನಜಂಗುಳಿಯೇ ಎಂಬ ಪ್ರಶ್ನೆ ನಮ್ಮಲ್ಲಿ ಸಾಕಷ್ಟು ಚರ್ಚೆಗೊಂಡಿಲ್ಲ. ಉತ್ತರ ಕನ್ನಡದ ಕರಾವಳಿ ಇದಕ್ಕೆ ಎರಡು ಸಾಕ್ಷ್ಯಗಳನ್ನು ಒದಗಿಸುತ್ತದೆ.

ಮೊದಲನೆಯದು ಹನೇಹಳ್ಳಿಯ ಯಶವಂತ ಚಿತ್ತಾಲರ ‘ಶಿಕಾರಿ’ (1979). ಮುಂಬಯಿಯ ಕಂಪನಿಯೊಂದರ ಅಧಿಕಾರಿ ನಾಗಪ್ಪ ಕೆಲಸದಿಂದ ಅಮಾನತುಗೊಂಡು, ತನ್ನನ್ನು ಬೇಟೆಯಾಡುತ್ತಿರುವವರು ಯಾರೆಂದು ಶೋಧಿಸತೊಡಗುತ್ತಾನೆ. ಹುದ್ದೆ ಕಳಚಿದೊಡನೆ ಈ ಶೋಧ ತನ್ನತ್ತಲೇ ತಿರುಗುತ್ತದೆ. ಉದ್ಯೋಗಜಗತ್ತಿನ ಕ್ರೌರ್ಯವನ್ನು ಇಷ್ಟು ನಿಕಟವಾಗಿ ಬಲ್ಲ ಕಾದಂಬರಿಗಳು ಕನ್ನಡದಲ್ಲಿ ವಿರಳ. ಆದರೂ ಇಲ್ಲಿ ನೈಜತೆಯ ಹುಡುಕಾಟ ಒಬ್ಬನ ಅಂತರಂಗದಲ್ಲಿಯೇ ನಡೆಯುತ್ತದೆ. ಜೊತೆಯವರು ಬಹುಪಾಲು ಶಂಕೆಗೆ ಪಾತ್ರರು.

ಎರಡನೆಯದು ಅಂಕೋಲಾ ತಾಲೂಕಿನ ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ. 2017ರಲ್ಲಿ ಪದ್ಮಶ್ರೀ ಪಡೆದ ಅವರು 2025ರಲ್ಲಿ ತೀರಿಕೊಂಡರು. ಹಿರಿಯರಿಂದ ಬಂದ ಹಾಡನ್ನು ಹತ್ತು ಜನರೊಡನೆ ಹಾಡಿದ ಇವರೇ, ತಮ್ಮವರನ್ನು ನುಂಗುತ್ತಿದ್ದ ಸಾರಾಯಿಯ ವಿರುದ್ಧವೂ ಎದ್ದುನಿಂತರು. ಪರಂಪರೆಯಿಂದ ಯಾವುದನ್ನು ಉಳಿಸಿಕೊಳ್ಳಬೇಕು, ರೂಢಿಯಲ್ಲಿ ಯಾವುದನ್ನು ನಿರಾಕರಿಸಬೇಕು ಎಂಬ ವಿವೇಕವೇ ಆಯ್ಕೆ. ಅದಕ್ಕೆ ಸಮೂಹವನ್ನು ತೊರೆಯಬೇಕಾಗಿರಲಿಲ್ಲ.

ಹಾಗೆಂದು ಜನಪದ ಸಮೂಹವನ್ನು ಆದರ್ಶೀಕರಿಸುವುದೂ ತಪ್ಪು. ರೂಢಿಯೂ ಮುಖವಿಲ್ಲದ ಅಧಿಕಾರವಾಗಬಲ್ಲದು. ಇನ್ನೂ ಸೂಕ್ಷ್ಮವಾದ ಅಪಾಯ ನಮ್ಮಿಂದಲೇ ಬಂದಿದೆ. ಮದುವೆಯ ಚಪ್ಪರದ ಹಾಡನ್ನು ಉತ್ಸವದ ವೇದಿಕೆಗೆ ತಂದು, ನಿಮಿಷಗಳ ಲೆಕ್ಕದಲ್ಲಿ ಹಾಡಿಸಿ, ಉಡುಗೆ ಮತ್ತು ಮಣಿಸರಗಳನ್ನೇ ಅಸ್ಮಿತೆಯೆಂದು ಬಿಂಬಿಸಿದಾಗ, ಹಾಡುಗಾರ್ತಿಗೆ ‘ಪರಂಪರೆಯ ಪ್ರತಿನಿಧಿ’ ಎಂಬ ಪಾತ್ರವನ್ನು ಹೊರಿಸಿದವರಲ್ಲಿ ಜಾನಪದ ವಿದ್ವಾಂಸರಾದ ನಾವೂ ಇದ್ದೇವೆ. ಹಾಡುಗಳನ್ನು ಎಣಿಸಿದಷ್ಟು ಶ್ರದ್ಧೆಯಿಂದ ಹಾಡಿದವಳ ನಿರ್ಧಾರಗಳನ್ನು ನಾವು ದಾಖಲಿಸಲಿಲ್ಲ.

ಇದೇ ತಾಲೂಕಿನ ಕೇಣಿಯಲ್ಲಿ ಉದ್ದೇಶಿತ ವಾಣಿಜ್ಯ ಬಂದರನ್ನು ವಿರೋಧಿಸಿ 2025ರಲ್ಲಿ ಮೀನುಗಾರರು ಒಟ್ಟಾಗಿ ನಿಂತರು. ಅದನ್ನು ಬರಿಯ ‘ಜನಸಮೂಹ’ವೆಂದು ಬರೆದುಕೊಂಡರೆ, ಅಲ್ಲಿ ನಿಂತ ಒಬ್ಬೊಬ್ಬರ ಆಯ್ಕೆಯೂ ಅದರ ಬೆಲೆಯೂ ಕಣ್ಮರೆಯಾಗುತ್ತವೆ. ನಾಗಪ್ಪನ ಅಂತರಂಗಕ್ಕೆ ಚಿತ್ತಾಲರು ಕೊಟ್ಟ ಗಮನವನ್ನು ಜಾನಪದ ಅಧ್ಯಯನವು ಈ ದಂಡೆಯ ಮನುಷ್ಯರಿಗೂ ಕೊಡಬೇಕಾಗಿದೆ.