ಅಜ್ಜಿಯ ಪಟವೂ ಬಣ್ಣದ ವೇಷವೂ

ಮನೆಯ ಹಳೆಯ ಭಾವಚಿತ್ರವೊಂದನ್ನು ತರಗತಿಗೆ ತರಿಸಿ, ಅದರ ನಸು ಛಾಯೆಗಳನ್ನೆಲ್ಲ ತೊಡೆದು, ದಪ್ಪ ರೇಖೆಗಳಿಂದಲೂ ಮೂರು ನಾಲ್ಕು ಗಾಢ ವರ್ಣಗಳಿಂದಲೂ ದೊಡ್ಡ ಚಿತ್ರವನ್ನಾಗಿ ಬರೆಯಿಸುವ ಪಾಠವೊಂದು ಚಿತ್ರಕಲೆಯ ಶಿಕ್ಷಣದಲ್ಲಿ ಈಗ ರೂಢಿಗೆ ಬಂದಿದೆ. ಇದರಲ್ಲಿ ಲಾಭವಿದೆಯೆಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಹೂಜಿಯನ್ನೂ ಬಾಳೆಹಣ್ಣನ್ನೂ ಎದುರಿಗಿಟ್ಟು ಬರೆಯುವ ಹುಡುಗನಿಗೆ ಇಲ್ಲದ ಆಸ್ಥೆಯು ಅಜ್ಜಿಯ ಮುಖವನ್ನು ಬರೆಯುವವನಿಗೆ ಇರುತ್ತದೆ. ಮಂಗಳೂರಿಗೆ ಈ ಕಪ್ಪು ಬಿಳುಪಿನ ಭಾಷೆ ಹೊಸತೂ ಅಲ್ಲ. ಬಾಸೆಲ್ ಮಿಷನಿನವರು 1841ರಲ್ಲಿ ಇಲ್ಲಿ ತೆರೆದ ಮುದ್ರಣಾಲಯವು ಮೊದಲಿಗೆ ಕಲ್ಲಚ್ಚಿನದು. 1843ರ ‘ಮಂಗಳೂರ ಸಮಾಚಾರ’ವು ಕಲ್ಲಿನಿಂದಲೇ ಅಚ್ಚಾಗಿ ಹೊರಬಂದಿತು.

ಆದರೂ ಈ ಬಗೆಯ ಚಿತ್ರಗಳನ್ನು ಹತ್ತಿಪ್ಪತ್ತು ಒಂದೆಡೆ ನೋಡಿದವರಿಗೆ ಒಂದು ಸಂದೇಹ ಹುಟ್ಟದಿರದು. ಯಾರ ಮನೆಯ ಅಜ್ಜಿಯರಾದರೂ ಎಲ್ಲರೂ ಅಕ್ಕತಂಗಿಯರಂತೆ ಕಾಣುತ್ತಾರೆ! ಒಂದು ಕೆನ್ನೆ ಕೆಂಪು, ಇನ್ನೊಂದು ನೀಲಿ, ಕಣ್ಣ ಕೆಳಗೊಂದು ಕಪ್ಪಿನ ತುಂಡು. ಇದಕ್ಕೆ ವಿದ್ಯಾರ್ಥಿಯ ಕೈಯನ್ನು ದೂರಿ ಫಲವಿಲ್ಲ. ಪಟವನ್ನು ಗಣಕಯಂತ್ರಕ್ಕೆ ಒಪ್ಪಿಸಿದರೆ ಅದು ಬೆಳಕಿನ ಒಂದು ಅಳತೆಯನ್ನು ಎಲ್ಲೆಯಾಗಿಟ್ಟುಕೊಂಡು, ಅದಕ್ಕಿಂತ ಮಂಕಾದುದನ್ನೆಲ್ಲ ಕಪ್ಪಾಗಿಯೂ ಉಳಿದುದನ್ನೆಲ್ಲ ಬಿಳುಪಾಗಿಯೂ ಮಾಡಿಕೊಡುತ್ತದೆ. ಯಂತ್ರಕ್ಕೆ ಕುರ್ಚಿಯ ನೆರಳೂ ಒಂದೇ, ಮೂಗುತಿಯ ನೆರಳೂ ಒಂದೇ. ಆ ಎಲ್ಲೆಗಳೊಳಗೆ ಬಣ್ಣ ತುಂಬಿದವನಿಗೆ ಆರಿಸುವ ಶ್ರಮ ತಪ್ಪಿತು. ಪಾಠವಿದ್ದುದು ಆ ಶ್ರಮದಲ್ಲಿಯೇ.

ಈ ಶೈಲಿಯ ಪ್ರಸಿದ್ಧ ಮಾದರಿಯೊಂದನ್ನು ವಿಚಾರಿಸಿದರೆ ದೋಷದ ಬೇರು ಸಿಗುತ್ತದೆ. ನಟಿ ಮರ್ಲಿನ್ ಮನ್ರೋ 1962ರಲ್ಲಿ ತೀರಿಕೊಂಡ ತರುವಾಯ ಅಮೆರಿಕದ ಆಂಡಿ ವಾರ್ಹಾಲ್, ‘ನಯಾಗರ’ ಎಂಬ ಚಲಚ್ಚಿತ್ರದ ಪ್ರಚಾರಕ್ಕಾಗಿ ತೆಗೆದಿದ್ದ ಆಕೆಯ ಪಟವನ್ನು ರೇಷ್ಮೆಯ ಜಾಲರಿಯ ಮೂಲಕ ಗಾಢವರ್ಣಗಳ ಮೇಲೆ ಮತ್ತೆ ಮತ್ತೆ ಅಚ್ಚೊತ್ತಿದನು. ಆ ಮುಖ ಜಗತ್ತಿಗೆಲ್ಲ ಪರಿಚಿತ. ಚಿತ್ರಕಾರನು ಬಿಟ್ಟುದನ್ನು ನೋಡುವವನ ನೆನಪೇ ತುಂಬಿಕೊಡುತ್ತಿತ್ತು. ನಮ್ಮ ಅಜ್ಜಿಯ ಮುಖವನ್ನು ಬಲ್ಲವರು ಹತ್ತು ಮಂದಿ, ಇನ್ನಿಪ್ಪತ್ತು ವರ್ಷಗಳಲ್ಲಿ ಒಬ್ಬಿಬ್ಬರು. ಬಿಟ್ಟುದನ್ನು ಆಗ ತುಂಬುವವರು ಯಾರು? ಜರ್ಮನಿಯ ಗೆರ್ಹಾರ್ಡ್ ರಿಕ್ಟರ್ 1965ರಲ್ಲಿ ತನ್ನ ಚಿಕ್ಕಮ್ಮ ಮರಿಯಾನೆಯ ಪಟವೊಂದನ್ನು ಚಿತ್ರವಾಗಿ ಬರೆದನು. 1932ರ ಆ ಪಟದಲ್ಲಿ ಹದಿಹರೆಯದ ಮರಿಯಾನೆಯೊಂದಿಗಿರುವ ಎಳೆಗೂಸು ಅವನೇ. ಅವನು ಹಿಡಿದ ದಾರಿ ವಾರ್ಹಾಲನದಕ್ಕೆ ತೀರ ವಿರುದ್ಧ: ಬೂದುಬಣ್ಣವು ಹಸಿಯಾಗಿರುವಾಗಲೇ ಕುಂಚವನ್ನೆಳೆದು ಎಲ್ಲೆಗಳನ್ನು ಕದಡಿಬಿಟ್ಟನು. ಮನೋರೋಗಿಯೆಂದು ಆಸ್ಪತ್ರೆಯಲ್ಲಿದ್ದ ಆಕೆಯನ್ನು ನಾಜಿ ಆಳ್ವಿಕೆ 1945ರಲ್ಲಿ ಕೊಂದಿತ್ತು. ಅಂಥ ಮುಖಕ್ಕೆ ಗಟ್ಟಿಯಾದ ಗೆರೆಯೆಳೆಯಲು ಅವನ ಕೈ ಒಪ್ಪಿರಲಾರದೆಂದು ನಮ್ಮ ಊಹೆ.

ಗಾಢವರ್ಣದ ಸ್ವಭಾವವನ್ನು ನಮ್ಮ ಜಿಲ್ಲೆಯವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ತೆಂಕುತಿಟ್ಟಿನ ಚೌಕಿಯಲ್ಲಿ ಬಣ್ಣದ ವೇಷದವನು ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿಯನ್ನಿಡುತ್ತ ಹೋದಂತೆ ನಮ್ಮ ಪರಿಚಯದ ಮನುಷ್ಯನು ಮರೆಯಾಗಿ ರಾವಣನು ತಲೆಯೆತ್ತುತ್ತಾನೆ. ಮನೆಯ ಅಜ್ಜಿಯನ್ನು ‘ಅಜ್ಜಿ’ಯೆಂಬ ವೇಷವನ್ನಾಗಿ ಮಾಡುವುದೇ ಉದ್ದೇಶವಾದರೆ ನಮ್ಮ ಆಕ್ಷೇಪವಿಲ್ಲ, ಅದೂ ಒಂದು ಕಲೆ. ಆಕೆಯೇ ಬೇಕಿದ್ದರೆ ಬಣ್ಣ ಕಲಸುವ ಮೊದಲು ವಿಚಾರಣೆಯಾಗಬೇಕು.

ಹಳೆಯ ಸ್ಟುಡಿಯೋ ಪಟಗಳಲ್ಲಿ ಹಿಂದಿನ ಪರದೆಯ ಕಂಬ, ಮೆಟ್ಟಿಲು, ಪಕ್ಕದ ಹೂದಾನಿ ಇವೆಲ್ಲ ಸ್ಟುಡಿಯೋದವರ ಸ್ವತ್ತು. ಅವನ್ನು ಒಂದೇ ಬಣ್ಣದಿಂದ ಮುಚ್ಚಿದರೆ ನಷ್ಟವಿಲ್ಲ, ಬಹುಶಃ ಲಾಭವೇ. ಆದರೆ ಕುರ್ಚಿಯ ತೋಳನ್ನು ಬಿಗಿಹಿಡಿದ ಬೆರಳುಗಳು ಆಕೆಯವು. ಅವು ಬೀಡಿ ಸುತ್ತಿದ ಬೆರಳುಗಳೋ, ಹಂಚಿನ ಕಾರ್ಖಾನೆಯಲ್ಲಿ ದುಡಿದವೋ, ಮಲ್ಲಿಗೆ ಕಟ್ಟಿದವೋ ಎಂಬುದು ಪಟವನ್ನು ಎಷ್ಟು ಹಿಗ್ಗಿಸಿದರೂ ತಿಳಿಯದು. ಮನೆಯಲ್ಲಿ ಕೇಳಿದರೆ ತಿಳಿಯುತ್ತದೆ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನೋಡಿದವರು ಈ ಮಾತನ್ನು ಒಪ್ಪಿಯಾರು. ನಾಲ್ಕಾರು ಗೆರೆಗಳಲ್ಲಿ ನರ್ತಕಿಯ ಮೈಯ ತಿರುವು ಸಿಕ್ಕಿಬಿಡುತ್ತದೆ. ಆ ಹೆಬ್ಬಾರರು ಲಯವನ್ನರಿಯಲೆಂದು ಕಥಕ್ ನೃತ್ಯವನ್ನೇ ಅಭ್ಯಾಸ ಮಾಡಿದವರು. ತಿಳಿದು ಬಿಟ್ಟ ಗೆರೆ ಬೇರೆ, ತಿಳಿಯದೆ ಬಿಟ್ಟುಹೋದ ಗೆರೆ ಬೇರೆ. ಉಪಾಧ್ಯಾಯರು ಚಿತ್ರಕ್ಕೆ ಅಂಕ ಕೊಡುವಾಗ ‘ಇದನ್ನೇಕೆ ಬಿಟ್ಟೆ?’ ಎಂದು ಒಂದು ಪ್ರಶ್ನೆ ಕೇಳಿದರೂ ಸಾಕಾದೀತು.

ಇನ್ನು ಮೂಲಪಟದ ಮಾತು. ಚಿತ್ರವು ಮುಗಿದ ಮೇಲೆ ಪಟವನ್ನು ಅಸಡ್ಡೆಯಿಂದ ಪೆಟ್ಟಿಗೆಗೆ ಎಸೆಯುವುದುಂಟು. ಅಳತೆಗೆಂದು ಅದರ ಮೇಲೆಯೇ ಚೌಕ ಗೆರೆಗಳನ್ನೆಳೆಯುವುದೂ ಉಂಟು. ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಪಟದ ಮೇಲ್ಪದರವು ಮೊದಲೇ ಬೂಸಲು ಹಿಡಿಯುವಂಥದು. ತರಗತಿಗೆ ಪ್ರತಿಯನ್ನು ಕಳುಹಿಸಿ ಮೂಲವನ್ನು ಮನೆಯಲ್ಲಿಟ್ಟುಕೊಳ್ಳತಕ್ಕದ್ದು. ಅದರ ಬೆನ್ನಿಗೆ ಮೆತ್ತನೆಯ ಸೀಸದ ಕಡ್ಡಿಯಿಂದ, ಒತ್ತದೆ, ಹೆಸರನ್ನೂ ಊರನ್ನೂ ಬರೆದಿಡತಕ್ಕದ್ದು; ಹೇಳಬಲ್ಲ ದೊಡ್ಡಮ್ಮನೋ ಸೋದರಮಾವನೋ ಮನೆಯಲ್ಲಿರುವಾಗಲೇ.