‘ಗುಣವಾಯಿತು’ ಎನ್ನಬೇಕಾದವರು ಯಾರು?



ಕಾಯಿಲೆ ವಾಸಿಯಾಗುವುದಕ್ಕೂ ಮನುಷ್ಯನ ಒಳ್ಳೆಯತನಕ್ಕೂ ನಮ್ಮ ಭಾಷೆಯಲ್ಲಿ ಒಂದೇ ಪದವಿದೆ: ಗುಣ. ಹಾಸಿಗೆ ಹಿಡಿದವರನ್ನು ನೋಡಲು ಹೋದಾಗ ‘ಈಗ ಗುಣವಾಯಿತೇ?’ ಎಂದು ಕೇಳುತ್ತೇವೆ. ಅದಕ್ಕೆ ಉತ್ತರ ಹೇಳಬೇಕಾದವರು ಹಾಸಿಗೆಯಲ್ಲಿರುವವರು, ಬಾಗಿಲಲ್ಲಿ ನಿಂತು ಕೇಳಿದವರಲ್ಲ. ಈ ಸರಳ ಕ್ರಮ ತಲೆಕೆಳಗಾದ ಒಂದು ಬರಹವನ್ನು ಈ ಸಲ ವಿಮರ್ಶೆಗೆ ಎತ್ತಿಕೊಂಡಿದ್ದೇನೆ. ಅದು ಕಥೆಯಲ್ಲ, ಕಾವ್ಯವಲ್ಲ. ಒಂದು ವೈದ್ಯಕೀಯ ಸಂಶೋಧನೆಯ ವರದಿ. ಅದನ್ನು ಅತ್ಯಂತ ಎಚ್ಚರದಿಂದ ಓದಿದವರು ಯಾವ ಪಂಡಿತರೂ ಅಲ್ಲ, ರೋಗಿಗಳು.

ಮೊದಲು ಕಾಯಿಲೆಯ ವಿಚಾರ. ಯಾವುದೋ ವೈರಸ್ಸಿನ ಜ್ವರ ಬರುತ್ತದೆ, ಬಿಡುತ್ತದೆ. ಆದರೆ ಕೆಲವರಲ್ಲಿ ನಿಶ್ಶಕ್ತಿ ಮಾತ್ರ ಬಿಡುವುದಿಲ್ಲ. ತಿಂಗಳುಗಳು, ವರ್ಷಗಳು ಕಳೆದರೂ ಅವರು ಮೊದಲಿನಂತಾಗುವುದಿಲ್ಲ. ನಿದ್ರೆ ಮಾಡಿ ಎದ್ದರೂ ದಣಿವು ಆರುವುದಿಲ್ಲ, ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ಎಲ್ಲಕ್ಕಿಂತ ವಿಚಿತ್ರವಾದ ಲಕ್ಷಣವೊಂದಿದೆ. ಇಂದು ಸ್ವಲ್ಪ ಹೆಚ್ಚು ನಡೆದರೆ ನಾಳೆಯೋ ನಾಡಿದ್ದೋ ದೇಹ ಕುಸಿದುಬೀಳುತ್ತದೆ, ಕೆಲವೊಮ್ಮೆ ವಾರಗಟ್ಟಲೆ ಮೇಲೇಳುವುದಿಲ್ಲ. ಇದಕ್ಕೆ ಬ್ರಿಟನ್ನಿನಲ್ಲಿ ‘ಮಯಾಲ್ಜಿಕ್ ಎನ್ಸೆಫಲೋಮೈಲೈಟಿಸ್’ ಎಂಬ ಹೆಸರಿತ್ತು. 1988ರಲ್ಲಿ ಅಮೆರಿಕದವರು ‘ಕ್ರಾನಿಕ್ ಫಟೀಗ್ ಸಿಂಡ್ರೋಮ್’, ಅಂದರೆ ದೀರ್ಘಕಾಲದ ಬಳಲಿಕೆ, ಎಂಬ ಹೆಸರಿಟ್ಟರು. ಈ ಎರಡನೆಯ ಹೆಸರು ರೋಗಿಗಳಿಗೆ ಉಪಕಾರ ಮಾಡಲಿಲ್ಲವೆಂದೇ ನನ್ನ ಎಣಿಕೆ. ಬಳಲಿಕೆ ಯಾರಿಗಿಲ್ಲ? ಹೊಲದಿಂದ ಬಂದವರಿಗೂ ಇದೆ, ಅಡುಗೆಮನೆಯಿಂದ ಬಂದವರಿಗೂ ಇದೆ.

ಈ ರೋಗಿಗಳನ್ನು ನಂಬದಿರುವ ಪರಂಪರೆ ಹಳೆಯದು. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಇಂಥದ್ದೇ ಕಾಯಿಲೆ ಹಬ್ಬಿ, ಸುಮಾರು 300 ಮಂದಿ ಸಿಬ್ಬಂದಿ ಮಲಗಿದರು. ಹದಿನೈದು ವರ್ಷಗಳ ನಂತರ, 1970ರಲ್ಲಿ, ಇಬ್ಬರು ಮನೋವೈದ್ಯರು ಹಳೆಯ ಕಡತಗಳನ್ನು ತಿರುವಿಹಾಕಿ ಅದು ಸಾಮೂಹಿಕ ಉನ್ಮಾದವೆಂದು ತೀರ್ಮಾನಿಸಿದರು. ಅವರು ಕೊಟ್ಟ ಕಾರಣಗಳಲ್ಲಿ ಒಂದು, ಮಲಗಿದವರಲ್ಲಿ ಹೆಂಗಸರೇ ಹೆಚ್ಚು ಎಂಬುದು! ಆ ರೋಗಿಗಳನ್ನು ಅವರು ಮಾತನಾಡಿಸಿರಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. 2011ರ ಫೆಬ್ರವರಿಯಲ್ಲಿ ‘ಲ್ಯಾನ್ಸೆಟ್’ ಎಂಬ ಪ್ರತಿಷ್ಠಿತ ಪತ್ರಿಕೆಯಲ್ಲಿ ‘ಪೇಸ್’ ಎಂಬ ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಬ್ರಿಟನ್ನಿನ 641 ರೋಗಿಗಳು, ಸುಮಾರು 50 ಲಕ್ಷ ಪೌಂಡುಗಳ ಸಾರ್ವಜನಿಕ ಹಣ, ನಾಲ್ಕು ಗುಂಪುಗಳು. ಒಂದು ಗುಂಪಿಗೆ ವೈದ್ಯರ ಸಾಮಾನ್ಯ ಆರೈಕೆ ಮಾತ್ರ. ಉಳಿದವಕ್ಕೆ ಅದರ ಜೊತೆಗೆ ಆಲೋಚನೆಯ ರೀತಿಯನ್ನು ಬದಲಿಸುವ ಮನೋಚಿಕಿತ್ಸೆ, ಇಲ್ಲವೇ ದಿನದಿನಕ್ಕೆ ಹೆಚ್ಚಿಸುತ್ತ ಹೋಗುವ ವ್ಯಾಯಾಮ, ಇಲ್ಲವೇ ಶಕ್ತಿಯ ಮಿತಿಯೊಳಗೆ ಬದುಕುವ ತರಬೇತಿ. ಮನೋಚಿಕಿತ್ಸೆ ಮತ್ತು ವ್ಯಾಯಾಮಗಳ ಹಿಂದಿದ್ದ ನಂಬಿಕೆ ಇದು: ಜ್ವರ ಎಂದೋ ಹೋಗಿದೆ; ಶ್ರಮದ ಭಯ ಮತ್ತು ಮಲಗಿ ಮಲಗಿ ಜಡ್ಡುಗಟ್ಟಿದ ದೇಹ, ಇವೆರಡೇ ರೋಗವನ್ನು ಉಳಿಸಿಕೊಂಡಿವೆ. ಈ ಎರಡು ಚಿಕಿತ್ಸೆಗಳಿಂದ ರೋಗಿಗಳು ಸುಧಾರಿಸಿದರು ಎಂದು ವರದಿ ಹೇಳಿತು. 2013ರ ಮತ್ತೊಂದು ಲೇಖನ ಇನ್ನೂ ಮುಂದೆ ಹೋಗಿ, ಅವುಗಳಿಂದ ಶೇಕಡಾ 22ರಷ್ಟು ಮಂದಿ ಗುಣಮುಖರಾದರೆಂದು ಸಾರಿತು.

ಇಲ್ಲಿಂದ ರೋಗಿಗಳ ಓದು ತೊಡಗುತ್ತದೆ. ಹಾಸಿಗೆಯಲ್ಲಿ ಮಲಗಿಕೊಂಡು, ದಿನಕ್ಕೆ ಒಂದೆರಡು ಪುಟಗಳಂತೆ ಅವರು ಮೂಲ ಯೋಜನೆಯನ್ನೂ ಪ್ರಕಟವಾದ ಲೇಖನಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ದೇಹಶಕ್ತಿಯನ್ನು ಅಳೆಯಲು ಬಳಸಿದ್ದು ಹತ್ತು ಪ್ರಶ್ನೆಗಳ ಪಟ್ಟಿ: ಮೆಟ್ಟಿಲು ಹತ್ತಬಲ್ಲಿರಾ, ಸ್ನಾನ ಮಾಡಿ ಬಟ್ಟೆ ತೊಡಬಲ್ಲಿರಾ, ಇತ್ಯಾದಿ. ಒಟ್ಟು ಅಂಕ ನೂರು. ಅಂಕ ಹೆಚ್ಚಾದಷ್ಟೂ ಶಕ್ತಿ ಹೆಚ್ಚು. ಪ್ರಯೋಗಕ್ಕೆ ಸೇರುವಷ್ಟು ಕಾಯಿಲೆ ಇದೆ ಎನ್ನಿಸಿಕೊಳ್ಳಲು 65 ಅಥವಾ ಅದಕ್ಕಿಂತ ಕಡಿಮೆ ಅಂಕವಿರಬೇಕಿತ್ತು. ಮೂಲ ಯೋಜನೆಯ ಪ್ರಕಾರ ಗುಣವಾಯಿತೆನ್ನಲು 85 ಬೇಕಿತ್ತು. ಪ್ರಕಟವಾದ ಲೇಖನದಲ್ಲಿ ಆ 85 ಎಂಬುದು 60ಕ್ಕೆ ಇಳಿದಿತ್ತು.

ಓದುಗರೇ, ಈ ಅಂಕಿಗಳನ್ನು ಇನ್ನೊಮ್ಮೆ ಓದಿ. 65 ಅಂಕದ ಒಬ್ಬಾಕೆ ರೋಗಿಯೆಂದು ಒಳಗೆ ಬರುತ್ತಾಳೆ. ವರ್ಷ ಕಳೆದು ಆಕೆಯ ಅಂಕ 60ಕ್ಕೆ ಇಳಿಯುತ್ತದೆ. ಈ ಅಳತೆಯ ಮಟ್ಟಿಗೆ ಆಕೆ ‘ಗುಣಮುಖಳು’! ಗುಣವೆನ್ನಲು ಬೇರೆ ಅಳತೆಗಳನ್ನೂ ದಾಟಬೇಕಿತ್ತು ಎಂಬುದು ನಿಜ. ಆದರೂ ದೇಹಶಕ್ತಿಯ ಅಳತೆ ಹೀಗಿತ್ತು. ಸೆಮಿನರಿಯಲ್ಲಿ ನಮಗೆ ತರ್ಕಶಾಸ್ತ್ರವನ್ನು ಕಲಿಸಿದ ಹಿರಿಯ ಗುರುಗಳು, ವಾದದ ನಡುವೆ ಪದವೊಂದರ ಅರ್ಥ ಜಾರಿಕೊಂಡಿದೆಯೇ ಎಂದು ಮೊದಲು ನೋಡಿರಿ, ತೀರ್ಮಾನವನ್ನು ಆಮೇಲೆ ನೋಡಿರಿ ಎನ್ನುತ್ತಿದ್ದರು. ಇಲ್ಲಿ ಜಾರಿಕೊಂಡದ್ದು ‘ಗುಣ’ ಎಂಬ ಪದವೇ.

ರೋಗಿಗಳು ಕಂಡದ್ದು ಇದೊಂದೇ ಅಲ್ಲ. ವ್ಯಾಯಾಮದ ಗುಂಪಿನವರು ಆರು ನಿಮಿಷಗಳಲ್ಲಿ ನಡೆದ ದೂರ 312 ಮೀಟರಿನಿಂದ 379 ಮೀಟರಿಗೆ ಏರಿತ್ತು. ಗಂಟೆಗೆ ನಾಲ್ಕು ಕಿಲೋಮೀಟರೂ ಆಗದ ಈ ನಡಿಗೆಯನ್ನು ಸುಧಾರಣೆಯೆನ್ನಬಹುದು, ಆರೋಗ್ಯವೆನ್ನಲಾಗದು. ಕಾಲಿಗೆ ಕಟ್ಟಿ ಓಡಾಟವನ್ನು ಅಳೆಯುವ ಯಂತ್ರವನ್ನು ಆರಂಭದಲ್ಲಿ ಬಳಸಿ, ಕೊನೆಯಲ್ಲಿ ಕೈಬಿಡಲಾಗಿತ್ತು. ಪ್ರಯೋಗ ನಡೆಯುತ್ತಿರುವಾಗಲೇ ಚಿಕಿತ್ಸೆಯನ್ನು ಹೊಗಳುವ ರೋಗಿಗಳ ಮಾತುಗಳನ್ನು ಅಚ್ಚುಹಾಕಿ ಭಾಗಿಗಳಿಗೇ ಹಂಚಲಾಗಿತ್ತು. ಮುಖ್ಯ ಫಲಿತಾಂಶಗಳು ನಿಂತಿದ್ದುದು ಅದೇ ಭಾಗಿಗಳು ಕಾಗದದ ಮೇಲೆ ಹಾಕಿದ ಗುರುತುಗಳ ಮೇಲೆ ಎಂಬುದನ್ನು ನೆನಪಿಡಬೇಕು. ಇನ್ನು, ಶ್ರಮಪಟ್ಟ ನಂತರ ಕುಸಿಯುವ ಆ ವಿಶಿಷ್ಟ ಲಕ್ಷಣ ಪ್ರಯೋಗಕ್ಕೆ ಸೇರುವವರಲ್ಲಿ ಇರಲೇಬೇಕೆಂಬ ನಿಯಮವೂ ಇರಲಿಲ್ಲ.

ಸಂಶೋಧಕರ ಮಾತನ್ನೂ ಕೇಳಬೇಕು. ಅಳತೆಗಳನ್ನು ಬದಲಿಸಿದ್ದಕ್ಕೆ ಕಾರಣಗಳಿದ್ದವು, ತಮ್ಮ ತೀರ್ಮಾನ ಸರಿಯಾಗಿಯೇ ಇದೆ ಎಂದು ಅವರು ವಾದಿಸಿದರು. ತಮ್ಮನ್ನು ನಿಂದಿಸಲಾಗುತ್ತಿದೆ ಎಂದೂ ದೂರಿದರು. ಕಟುವಾದ ಮಾತುಗಳು ಬಂದದ್ದು ಸುಳ್ಳಲ್ಲ. ವರ್ಷಗಟ್ಟಲೆ ನಂಬಿಕೆಗೆ ಪಾತ್ರರಾಗದವರ ಬಾಯಿಂದ ಸದಾ ಮೃದುವಚನವೇ ಬರಲಾರದು. ಆದರೆ ಕೂಗಿನ ನಡುವೆ ಒಂದು ನ್ಯಾಯವಾದ ಪ್ರಶ್ನೆ ಇದ್ದರೆ, ಕೂಗನ್ನು ತೋರಿಸಿ ಪ್ರಶ್ನೆಯನ್ನು ತಳ್ಳಿಹಾಕುವುದು ವಿದ್ವಾಂಸರಿಗೆ ಶೋಭಿಸುವುದಿಲ್ಲ.

ಆ ಪ್ರಶ್ನೆಯನ್ನು ಕಾನೂನಿನ ದಾರಿಯಲ್ಲಿ ಕೇಳಿದವರು ಆಸ್ಟ್ರೇಲಿಯದ ರೋಗಿ ಅಲೆಮ್ ಮ್ಯಾಥೀಸ್. ಹೆಸರುಗಳನ್ನು ತೆಗೆದು ಅಂಕಿಗಳನ್ನಷ್ಟೇ ಕೊಡಿರೆಂದು ಅವರು 2014ರಲ್ಲಿ ಮಾಹಿತಿ ಹಕ್ಕಿನಡಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಹಾಕಿದರು. ವಿಶ್ವವಿದ್ಯಾನಿಲಯ ನಿರಾಕರಿಸಿತು. 2015ರಲ್ಲಿ ಮಾಹಿತಿ ಆಯುಕ್ತರು ಕೊಡಬೇಕೆಂದಾಗ ಮೇಲ್ಮನವಿ ಸಲ್ಲಿಸಿತು. 2016ರ ಆಗಸ್ಟಿನಲ್ಲಿ ನ್ಯಾಯಮಂಡಳಿಯೂ ಕೊಡಬೇಕೆಂದಿತು. ಮರುತಿಂಗಳು ಅಂಕಿಗಳು ಹೊರಬಂದವು. ಅವುಗಳಿಗೆ ಮೂಲ ಯೋಜನೆಯ ಅಳತೆಯನ್ನೇ ಹಿಡಿದು ನೋಡಿದಾಗ, ಶೇಕಡಾ 22 ಎಂದಿದ್ದ ಗುಣದ ಪ್ರಮಾಣ ಮನೋಚಿಕಿತ್ಸೆಯಲ್ಲಿ ಸುಮಾರು 7ಕ್ಕೂ ವ್ಯಾಯಾಮದಲ್ಲಿ ಸುಮಾರು 4ಕ್ಕೂ ಇಳಿಯಿತು. ಸಾಮಾನ್ಯ ಆರೈಕೆಯೊಂದನ್ನೇ ಪಡೆದವರಲ್ಲಿ ಅದು ಸುಮಾರು 3. ನ್ಯೂಜಿಲೆಂಡಿನ ಮನಶ್ಶಾಸ್ತ್ರಜ್ಞೆ ಕ್ಯಾರೊಲಿನ್ ವಿಲ್ಷೈರ್ ಅವರ ನೇತೃತ್ವದಲ್ಲಿ 2018ರಲ್ಲಿ ಪ್ರಕಟವಾದ ವಿಸ್ತೃತ ಮರುವಿಶ್ಲೇಷಣೆಯ ಲೇಖಕರಲ್ಲಿ ರೋಗಿಗಳೂ ಇದ್ದರು.

2021ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆ ‘ನೈಸ್’ ತನ್ನ 2007ರ ಸಲಹೆಯನ್ನು ಬದಲಿಸಿತು. ನಿಗದಿತ ಪ್ರಮಾಣದಲ್ಲಿ ಹೆಚ್ಚಿಸುತ್ತ ಹೋಗುವ ವ್ಯಾಯಾಮವನ್ನು ಈ ರೋಗಿಗಳಿಗೆ ಕೊಡಬಾರದು, ಮನೋಚಿಕಿತ್ಸೆ ರೋಗವನ್ನು ವಾಸಿಮಾಡುವುದಿಲ್ಲ, ರೋಗದೊಂದಿಗೆ ಬದುಕಲು ಬೇಕಾದವರಿಗೆ ಆಸರೆಯಷ್ಟೇ ಎಂದಿತು. ಕೆಲವು ಹಿರಿಯ ವೈದ್ಯರು ಇದನ್ನು ಬಲವಾಗಿ ವಿರೋಧಿಸಿದರು. 2011ರ ಲೇಖನವನ್ನು ಲ್ಯಾನ್ಸೆಟ್ ಹಿಂತೆಗೆದುಕೊಂಡಿಲ್ಲ.

ಲಂಡನ್ನಿನ ಈ ಜಗಳ ನಮಗೇಕೆ ಎನ್ನುವಿರಾ? 2006ರಲ್ಲಿ ನಮ್ಮ ರಾಜ್ಯದಲ್ಲಿ ಚಿಕುನ್‌ಗುನ್ಯಾ ಹಬ್ಬಿದ್ದನ್ನು ನೆನಪಿಸಿಕೊಳ್ಳಿ. ಜ್ವರ ಕೆಲವೇ ದಿನಗಳದ್ದು. ಕೀಲುನೋವು ತಿಂಗಳುಗಟ್ಟಲೆ ಉಳಿಯಿತು. ಅದು ಬೇರೆಯೇ ಕಾಯಿಲೆ, ಆದರೆ ಜ್ವರ ಬಿಟ್ಟ ಮೇಲೂ ಕಾಯಿಲೆ ಉಳಿಯಬಲ್ಲದೆಂಬುದನ್ನು ನಮ್ಮ ಹಳ್ಳಿಗಳು ಅಂದೇ ಕಂಡವು. ಕೋವಿಡ್ ಬಂದುಹೋದ ಮೇಲೆ, ಮೊದಲಿನಂತೆ ಏಳಲಾರದ ಮಗಳೋ ಸೊಸೆಯೋ ನಿಮಗೆ ತಿಳಿದ ಮನೆಯಲ್ಲೂ ಇರಬಹುದು. ವರದಿಗಳೆಲ್ಲ ಸರಿಯಾಗಿವೆ, ನೋಡಲು ಚೆನ್ನಾಗಿದ್ದಾಳೆ, ಸ್ವಲ್ಪ ಓಡಾಡಿದರೆ ತಾನಾಗಿ ಸರಿಹೋಗುತ್ತದೆ ಎಂದು ನಾವು ಪ್ರೀತಿಯಿಂದಲೇ ಹೇಳುತ್ತೇವೆ. ಆ ಹಿತನುಡಿ ಕೆಲವರಿಗೆ ಹಾನಿ ಮಾಡಬಲ್ಲದು. ಈ ಕಾಯಿಲೆಯನ್ನು ಖಚಿತಪಡಿಸುವ ರಕ್ತಪರೀಕ್ಷೆ ಇನ್ನೂ ಬಳಕೆಗೆ ಬಂದಿಲ್ಲವಾದ್ದರಿಂದ, ವರದಿ ಸರಿಯಾಗಿದೆ ಎಂದಮಾತ್ರಕ್ಕೆ ರೋಗವಿಲ್ಲವೆಂದಾಗದು. ಹಾಗೆಂದು ಪ್ರತಿ ಸುಸ್ತಿಗೂ ಈ ಹೆಸರು ಹಚ್ಚಬೇಡಿ. ರಕ್ತಹೀನತೆ, ಥೈರಾಯ್ಡ್, ಕ್ಷಯ ಮೊದಲಾದವನ್ನು ವೈದ್ಯರು ಮೊದಲು ಪರೀಕ್ಷಿಸಲೇಬೇಕು.

ಪೇಸ್ ಪ್ರಯೋಗದ ಇನ್ನೊಂದು ಮಿತಿಯನ್ನು ಹೇಳದೆ ಬಿಡಲಾರೆ. ಚಿಕಿತ್ಸೆಗೆ ಆಸ್ಪತ್ರೆಗೆ ಹೋಗಿಬರಬೇಕಾಗಿದ್ದುದರಿಂದ ಮನೆಯಿಂದ ಹೊರಗೆ ಕಾಲಿಡಲಾರದವರು ಅದರಲ್ಲಿ ಇರಲೇ ಇಲ್ಲ. ಅತ್ಯಂತ ಕಷ್ಟದಲ್ಲಿರುವವರು ಲೆಕ್ಕಕ್ಕೇ ಬರಲಿಲ್ಲ. ಎಡಿನ್‌ಬರೋ ವಿಶ್ವವಿದ್ಯಾನಿಲಯದ ಕ್ರಿಸ್ ಪಾಂಟಿಂಗ್ ಅವರ ನೇತೃತ್ವದ ‘ಡಿಕೋಡ್‌ಎಂಇ’ ಎಂಬ ಅಧ್ಯಯನ ಬೇರೆ ದಾರಿ ಹಿಡಿಯಿತು. ಅದನ್ನು ರೂಪಿಸುವಾಗಲೇ ರೋಗಿಗಳು ಜೊತೆಯಲ್ಲಿ ಕುಳಿತಿದ್ದರು. 2025ರ ಆಗಸ್ಟಿನಲ್ಲಿ ಬಂದ ಅದರ ಮೊದಲ ಫಲಿತಾಂಶ, 15,579 ರೋಗಿಗಳ ವಂಶವಾಹಿಗಳನ್ನು ಇತರರವುಗಳೊಂದಿಗೆ ಹೋಲಿಸಿ, ವ್ಯತ್ಯಾಸವಿರುವ ಎಂಟು ತಾಣಗಳನ್ನು ಗುರುತಿಸಿತು. ಅವುಗಳಲ್ಲಿ ಕೆಲವು ರೋಗನಿರೋಧಕ ವ್ಯವಸ್ಥೆಗೂ ನರಮಂಡಲಕ್ಕೂ ಸಂಬಂಧಿಸಿದವು. ಇದರಿಂದ ಔಷಧ ದೊರೆತಿಲ್ಲ. ಆದರೆ ಈ ಅಧ್ಯಯನಕ್ಕೆ ಯಾರೂ ಆಸ್ಪತ್ರೆಯ ಮೆಟ್ಟಿಲು ಹತ್ತಬೇಕಾಗಿರಲಿಲ್ಲ. ಒಂದು ಪುಟ್ಟ ಕೊಳವೆ ಅಂಚೆಯಲ್ಲಿ ಮನೆಗೆ ಬರುತ್ತಿತ್ತು; ಅದರಲ್ಲಿ ಸ್ವಲ್ಪ ಜೊಲ್ಲು ತುಂಬಿ, ಮುಚ್ಚಳ ಬಿಗಿದು, ಮತ್ತೆ ಅಂಚೆಗೆ ಹಾಕಿದರೆ ಸಾಕಿತ್ತು. ಕಿಟಕಿಯ ಪರದೆಯನ್ನೂ ಸರಿಸಲಾರದೆ ಮಲಗಿರುವವರು ಕೂಡ ಅಷ್ಟನ್ನು ಮಾಡಬಹುದಿತ್ತು.